ಒಳಗೆಳೆದ ಹೌದು

ಉತ್ತರ ಸ್ವೀಡನ್ನಿನ ನಮ್ಮ ಊಮಿಯೋದಲ್ಲಿ ಹೌದು ಎನ್ನಲು ಬಾಯಿ ತೆರೆಯಬೇಕಾಗಿಲ್ಲ. ಹುಬ್ಬನ್ನು ತುಸು ಮೇಲಕ್ಕೆತ್ತಿ, ತುಟಿ ಚೂಪು ಮಾಡಿ, ‘ಶುಪ್’ ಎಂದು ಗಾಳಿಯನ್ನು ಒಳಗೆಳೆದುಕೊಂಡರೆ ಸಾಕು. ಬಸ್ಸಿನ ಡ್ರೈವರು, ಬ್ಯಾಂಕಿನವಳು, ಪಾದ್ರಿ, ಎಲ್ಲರೂ ಹೀಗೆಯೇ. ಸ್ವೀಡನ್ನಿನ ದಕ್ಷಿಣದವರು ಇದನ್ನು ಕೇಳಿ ನಗುತ್ತಾರೆ. ಉತ್ತರದವರಿಗೆ ಚಳಿಯಲ್ಲಿ ಬಾಯಿ ಬಿಡಲು ಜಿಪುಣತನ ಎನ್ನುತ್ತಾರೆ.

ನಾನು ಐಲಿ, ಸಮುದ್ರದಾಚೆಯ ಫಿನ್ಲೆಂಡಿನವಳು. ಮದುವೆಯಾಗಿ ಇಲ್ಲಿಗೆ ಬಂದ ಹೊಸತರಲ್ಲಿ ಆ ಶಬ್ದ ನನಗೂ ವಿಚಿತ್ರವೆನಿಸಿರಬೇಕು, ಈಗ ನೆನಪಿಲ್ಲ. ಶಾಲೆಯ ಅಡುಗೆಮನೆಯಲ್ಲಿ ದುಡಿದವಳು ನಾನು. ಇನ್ನೊಂದು ಆಲೂಗಡ್ಡೆ ಬೇಕಾ ಎಂದರೆ ಮಕ್ಕಳು ‘ಶುಪ್’ ಎನ್ನುತ್ತಿದ್ದವು, ನಾನು ಬಡಿಸುತ್ತಿದ್ದೆ. ಅಷ್ಟು ಒಗ್ಗಿಹೋದ ಮೇಲೆ ಅದೂ ಒಂದು ಮಾತು, ಅದನ್ನೂ ಯಾರಿಗಾದರೂ ಕಲಿಸಿಕೊಡಬೇಕು ಎಂಬುದೇ ಹೊಳೆಯುವುದಿಲ್ಲ.

ಗುರುವಾರ ಮಧ್ಯಾಹ್ನ ಚರ್ಚಿನ ಪಕ್ಕದ ಕೋಣೆಯಲ್ಲಿ ನಮ್ಮ ಗುಂಪು ಸೇರುತ್ತದೆ. ಬೇರೆ ಬೇರೆ ದೇಶಗಳಿಂದ ಬಂದು ಈ ಊರಿನಲ್ಲಿ ಕ್ಯಾನ್ಸರಿಗೆ ಸಿಕ್ಕಿಬಿದ್ದವರ ಗುಂಪು. “ಕೆಲಸ ಹುಡುಕ್ಕೊಂಡು ಬಂದ್ವಿ, ಇದು ನಮ್ಮನ್ನ ಹುಡುಕ್ಕೊಂಡು ಬಂತು” ಎನ್ನುತ್ತಾನೆ ಬೋಗ್ದಾನ್. ಅವನು ರೊಮೇನಿಯಾದವನು, ಬೆಸುಗೆ ಕೆಲಸದವನು, ಗಂಟಲಿಗೆ ಆಗಿತ್ತು. ನನಗೆ ಬಂದದ್ದು ವಾಸಿಯಾಗಿ ಬಹಳ ಕಾಲವಾಗಿದ್ದರೂ ಕಾಫಿ ಕಾಯಿಸಲು ಒಬ್ಬರು ಬೇಕಲ್ಲ, ನಾನು ಹೋಗುವುದನ್ನು ಬಿಟ್ಟಿಲ್ಲ. ಅಲ್ಲಿ ಯಾರು ಬೇಕಾದರೂ ಅಳಬಹುದು. ನಮ್ಮ ಚಿಕ್ಕಮ್ಮನಿಗೂ ಇದೇ ಆಗಿತ್ತು ಎಂದು ಮಾತ್ರ ಯಾರೂ ಶುರು ಮಾಡಬಾರದು.

ಅರ್ಗಿರೋ ಬಂದದ್ದು ಚಳಿಗಾಲದ ಕೊನೆಯಲ್ಲಿ. ಗ್ರೀಸಿನವಳು, ಐವತ್ತು ದಾಟಿದವಳು, ಹೊಲಿಗೆಯ ಕೈ ಒಳ್ಳೆಯದು. ದಕ್ಷಿಣದ ಮಾಲ್ಮೋದಲ್ಲಿ ವರ್ಷಾನುಗಟ್ಟಲೆ ಇದ್ದು, ಗಂಡ ಪಂತೆಲಿಸ್‌ಗೆ ಇಲ್ಲಿನ ಬಂದರಿನಲ್ಲಿ ಕ್ರೇನ್ ಓಡಿಸುವ ಕೆಲಸ ಸಿಕ್ಕಿ ಉತ್ತರಕ್ಕೆ ಬಂದಿದ್ದಳು. ಬಂದು ಪೆಟ್ಟಿಗೆ ಬಿಚ್ಚುವಷ್ಟರಲ್ಲಿ ಎದೆಯಲ್ಲಿ ಗಂಟು. ಆಪರೇಷನ್ ಮುಗಿದಿತ್ತು. ಸ್ವೀಡಿಷ್ ನಮ್ಮೆಲ್ಲರಿಗಿಂತ ಚೆನ್ನಾಗಿ ಮಾತಾಡುತ್ತಿದ್ದಳು, ಅದರ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು. ಆಸ್ಪತ್ರೆಯವರು ದುಭಾಷಿಯನ್ನು ಕರೆಸಲೇ ಎಂದು ಕೇಳಿದರೆ, “ನಂಗ್ಯಾಕೆ? ನಿಮ್ಮ ನರ್ಸಮ್ಮನಿಗೆ ಬೇಕಾದ್ರೆ ಕರೆಸಿ” ಎಂದಿದ್ದಳಂತೆ.

ಮೊದಲ ವಾರವೇ ಊರಿನವರ ಮೇಲೆ ದೂರು ಹೇಳಿದಳು.

“ಎಂಥ ಜನ ಮಾರಾಯ್ತಿ ಇವ್ರು! ಯಾವುದಕ್ಕೂ ಒಪ್ಪಲ್ಲ. ಕೆಳಗಿನ ಮನೆಯಾತನ್ನ ಕೇಳ್ದೆ, ನನ್ನ ಸೈಕಲ್ಲು ನಿಮ್ಮ ಶೆಡ್ಡಲ್ಲಿ ಇಡಬಹುದಾ ಅಂತ. ಆಗಲ್ಲ ಅಂದ. ಚಳಿಗಾಲ ಪೂರ್ತಿ ಹಿಮದಲ್ಲೇ ನಿಂತಿದೆ ಪಾಪದ್ದು. ಮೊನ್ನೆ ಅದೇ ಮನುಷ್ಯ ಬಂದು ಕೇಳ್ತಾನೆ, ಯಾಕಮ್ಮ ಸೈಕಲ್ಲು ಒಳಗೆ ಇಡಲ್ಲ ನೀನು, ತುಕ್ಕು ಹಿಡಿಯುತ್ತೆ ಅಂತ! ತಮಾಷೆ ಮಾಡ್ತಾನೆ!”

ನಾವೆಲ್ಲ ಆ ಮನುಷ್ಯನನ್ನು ಬೈದೆವು. ಅವನು ಬಾಯಿಬಿಟ್ಟು ಹೇಳಿದನೇ ಎಂದು ನಾನು ಒಂದು ಮಾತು ಕೇಳಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ.

ಆಮೇಲಿನ ವಾರ ಅರ್ಗಿರೋ ಬಾಗಿಲಲ್ಲೇ ನಿಂತಳು. ಕೋಟು ಬಿಚ್ಚಲಿಲ್ಲ.

“ಡಾಕ್ಟರನ್ನ ನೇರವಾಗೇ ಕೇಳಿಬಿಟ್ಟೆ. ನಾನು ಉಳೀತೀನಾ ಅಂತ. ಇಲ್ಲ ಅಂದ್ರು.”

ಆ ಕೋಣೆಯಲ್ಲಿ ನಾವು ಬಹಳ ಸುದ್ದಿ ಕೇಳಿದ್ದೆವು. ಆದರೂ ಬೋಗ್ದಾನ್ ಕೈಯಲ್ಲಿದ್ದ ಬನ್ನು ಕೈಯಲ್ಲೇ ಉಳಿಯಿತು.

“ಹಾಗೇ ಅಂದ್ರಾ? ಇಲ್ಲ ಅಂತ?”

“ಹಾಗೇ. ಆಮೇಲೆ ಕಂಪ್ಯೂಟರ್ ಕಡೆ ತಿರುಗಿ, ಯಾವತ್ತು ಯಾವತ್ತು ರೇಡಿಯೇಷನ್ ಕರೆಂಟು ಕೊಡಿಸ್ಕೊಳ್ಳೋಕೆ ಬರ್ಬೇಕು ಅಂತ ಹೇಳ್ತಾ ಹೋದ್ರು. ನೋವು ಕಮ್ಮಿ ಆಗೋಕೆ ಇರ್ಬೇಕು. ನಂಗೆ ಆಮೇಲಿಂದು ಏನೂ ಕೇಳಿಸ್ಲಿಲ್ಲ. ಥ್ಯಾಂಕ್ಸ್ ಅಂತ ಹೇಳಿ ಬಂದೆ.”

“ಪಂತೆಲಿಸ್ ಏನಂದ?” ಎಂದೆ.

“ಅವನಿಗೆ ಹೇಳಿಲ್ಲ, ಹೇಳೋದೂ ಇಲ್ಲ. ಕ್ರೇನಿನ ಮೇಲೆ ಕೂರೋನು. ತಲೆ ಕೆಟ್ರೆ ಕೆಳಗಿರೋರ ಮೇಲೆ ಏನಾದ್ರೂ ಬೀಳಿಸ್ತಾನೆ. ನಿಮಗೆ ಹೇಳಿದ್ದು ಸಾಕು.”

ಆಗ ಎದ್ದು ಬಂದು ಅವಳ ಕೋಟಿನ ಗುಂಡಿ ಬಿಚ್ಚಿದವಳು ವೆಲ್ತಾ. ಲಾಟ್ವಿಯಾದವಳು, ಎಪ್ಪತ್ತರ ಹತ್ತಿರದವಳು, ಪಿಯಾನೋ ಕಲಿಸುತ್ತಿದ್ದವಳು. ಎತ್ತರದ ಆಳು, ಅಗಲ ಹೆಗಲು, ನಾಲಗೆ ಕತ್ತರಿ. ಮದ್ದಿನಿಂದ ತಲೆಗೂದಲು ಪೂರ್ತಿ ಹೋಗಿತ್ತು. ವಿಗ್ಗು ಬೇಡ, ಸ್ಕಾರ್ಫೂ ಬೇಡ ಎಂದು ಬೋಳುತಲೆಯಲ್ಲೇ ಬಸ್ಸು ಹತ್ತುತ್ತಿದ್ದಳು.

“ಕೂತ್ಕೋ ಹುಡುಗಿ. ಡಾಕ್ಟರು ಇಲ್ಲ ಅಂದ್ರೂ ಕಾಫಿ ಇದೆ.”

ಆ ದಿನ ಪಾತ್ರೆ ತೊಳೆಯುವಾಗ ವೆಲ್ತಾ ನನ್ನ ಪಕ್ಕ ಬಂದು ನಿಂತಳು. ಅವಳದು ಯಕೃತ್ತಿಗೆ ಹಬ್ಬಿದೆ, ಇನ್ನು ಮದ್ದು ಹೆಚ್ಚು ಕೆಲಸ ಮಾಡುವುದಿಲ್ಲ ಎಂದು ನನಗೊಬ್ಬಳಿಗೆ ಹೇಳಿದ್ದಳು. ಮಿಕ್ಕವರಿಗೆ ಹೇಳಿದರೆ ಮುಖ ಉದ್ದ ಮಾಡಿಕೊಳ್ಳುತ್ತಾರೆ, ಕಾಫಿಯ ರುಚಿ ಕೆಡುತ್ತದೆ ಎಂಬುದು ಅವಳ ಲೆಕ್ಕ.

“ಈಗಲಾದ್ರೂ ಹೇಳು ವೆಲ್ತಾ. ಅವಳಿಗೂ ಜೊತೆ ಆಗುತ್ತೆ,” ಎಂದೆ.

“ಬೇಡ. ಒಂದು ಗುಂಪಿಗೆ ಸಾಯೋರು ಒಬ್ರು ಸಾಕು. ಈಗ ಅವಳ ಸರದಿ. ನೀನು ಬಾಯಿ ಮುಚ್ಕೊಂಡಿರು.”

ಮುಚ್ಚಿಕೊಂಡಿದ್ದೆ.

ಅಲ್ಲಿಂದ ಮುಂದೆ ನಾವೆಲ್ಲ ಅರ್ಗಿರೋಳ ಸುತ್ತಲೇ ತಿರುಗಿದೆವು. ಬೋಗ್ದಾನ್ ಅವಳ ಸೈಕಲ್ಲಿನ ತುಕ್ಕು ಉಜ್ಜಿಕೊಟ್ಟ. ಕಿಟಕಿ ಪಕ್ಕದ ಮೆತ್ತನೆಯ ಕುರ್ಚಿ ಅವಳದಾಯಿತು. ಹೆಚ್ಚು ಮಾಡಿದ್ದು ವೆಲ್ತಾ. ವಾರವಾರ ಬಾರ್ಲಿ ಸೂಪು ಮಾಡಿ, ನೀಲಿ ಎನಾಮೆಲ್ಲಿನ ಪಾತ್ರೆಗೆ ಟವೆಲು ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಅವಳ ಮನೆಗೆ ಒಯ್ಯುತ್ತಿದ್ದಳು. ತನಗೇ ಒಂದು ತುತ್ತು ಇಳಿಯದ ದಿನಗಳಲ್ಲೂ ಒಯ್ದಳು. ಅರ್ಗಿರೋ ತೆಗೆದುಕೊಳ್ಳುತ್ತಿದ್ದಳು. ಸಾಯುವವಳಿಗೆ ಎಲ್ಲರೂ ಕೊಡುತ್ತಾರೆ, ಅವಳು ತೆಗೆದುಕೊಳ್ಳುತ್ತಾಳೆ. ಅದರಲ್ಲಿ ತಪ್ಪು ಹುಡುಕಲು ನಾನು ಹೋಗುವುದಿಲ್ಲ.

ತಪ್ಪಾದದ್ದು ಏಪ್ರಿಲ್ಲಿನ ಒಂದು ಗುರುವಾರ. ವೆಲ್ತಾ ತನ್ನ ಜಡೆಯ ಕಥೆ ತೆಗೆದಿದ್ದಳು. ಕೂದಲು ಹೋಗುವ ಮುಂಚೆ ಸೊಂಟದವರೆಗೆ ಇದ್ದ ಜಡೆಯಂತೆ, ನಾವು ಎಷ್ಟೋ ಸಲ ಕೇಳಿದ್ದ ಕಥೆ.

“ಕನಸಲ್ಲಿ ಹೆಣೀತಾ ಇರ್ತೀನಿ ಕಣ್ರೇ. ಹೆಣೆದೂ ಹೆಣೆದೂ ಕೈ ನೋಯುತ್ತೆ. ಎದ್ದು ಮುಟ್ಟಿ ನೋಡ್ತೀನಿ, ಮೊಟ್ಟೆ!”

ಬೋಗ್ದಾನ್ ಗೊರಗೊರ ನಕ್ಕ. ನಾನೂ ನಕ್ಕೆ.

“ಸಾಕು ಮಾಡು ವೆಲ್ತಾ!” ಎಂದಳು ಅರ್ಗಿರೋ. ದನಿ ಬಹಳ ಎತ್ತರಕ್ಕೆ ಹೋಯಿತು. “ವಾರಾ ವಾರಾ ಕೂದ್ಲು, ಕೂದ್ಲು, ಕೂದ್ಲು! ನಿಂಗೆ ಮತ್ತೆ ಬೆಳೆಯುತ್ತೆ. ಬದುಕೋರಿಗೆ ಕೂದಲೂ ಒಂದು ದುಃಖ. ಸಾಯೋದು ಅಂದ್ರೆ ಏನು ಅಂತ ನಿಂಗೇನು ಗೊತ್ತು?”

ವೆಲ್ತಾಳ ಕೈ ತಲೆಯ ಮೇಲೇ ಉಳಿಯಿತು. ನಾನು ಬಾಯಿ ತೆರೆದೆ. ಅವಳು ನನ್ನ ಕಡೆ ಒಂದು ನೋಟ ಎಸೆದಳು, ಮುಚ್ಚಿದೆ. ಆಮೇಲೆ ತಟ್ಟೆಯಲ್ಲಿದ್ದ ದಾಲ್ಚಿನ್ನಿ ಬನ್ನನ್ನು ಮುರಿದು, ಸಕ್ಕರೆ ಹೆಚ್ಚಿದ್ದ ಅರ್ಧವನ್ನು ಅರ್ಗಿರೋಳ ಮುಂದಿಟ್ಟಳು.

“ಸರಿ. ಕೂದ್ಲ ಮಾತು ಬಿಟ್ಟೆ. ತಿನ್ನು.”

ಅವಳು ತಿಂದಳು.

ಮುಂದಿನ ವಾರ ನನ್ನ ಮಣಿಕಟ್ಟು ನೋಯುತ್ತಿತ್ತು, ಕಾಫಿ ಬಗ್ಗಿಸುವ ಕೆಲಸವನ್ನು ಅರ್ಗಿರೋ ತೆಗೆದುಕೊಂಡಳು. ಬೋಗ್ದಾನ್‌ಗೆ ಬಗ್ಗಿಸಿದಳು, ನನಗೆ ಬಗ್ಗಿಸಿದಳು, ವೆಲ್ತಾಳ ಹತ್ತಿರ ನಿಂತು ಕೇಳಿದಳು:

“ನಿಂಗೆ ವೆಲ್ತಾ?”

ವೆಲ್ತಾ ಹುಬ್ಬೆತ್ತಿ ‘ಶುಪ್’ ಎಂದಳು. ಅರ್ಗಿರೋ ಕೆಟಲು ಹಿಡಿದುಕೊಂಡು ಮುಂದೆ ಹೋದಳು.

“ಏನಮ್ಮಾ ತಾಯಿ, ನಾನೇನು ಗೋಡೆನಾ? ನನ್ನ ಕಾಫಿ ಎಲ್ಲಿ?”

“ಬೇಡ ಅಂದ್ಯಲ್ಲ.”

“ಯಾವಾಗ ಅಂದೆ?”

“ಈಗ್ಲೇ ಅಂದೆ ನೀನು. ಹುಬ್ಬು ಎತ್ತಿದೆ, ‘ಚ್’ ಅಂದೆ.”

“‘ಚ್’ ಅಲ್ಲ, ‘ಶುಪ್’. ‘ಶುಪ್’ ಅಂದ್ರೆ ಹೌದು! ಇಷ್ಟು ದಿನ ಈ ಊರಲ್ಲಿದ್ದು ಅಷ್ಟೂ ಗೊತ್ತಿಲ್ವಾ ನಿಂಗೆ?”

“ಹುಬ್ಬು ಎತ್ತಿದ್ರೆ ಇಲ್ಲ ಅಂತ,” ಎಂದಳು ಅರ್ಗಿರೋ ನಿಧಾನವಾಗಿ. “ನಮ್ಮಲ್ಲಿ ಹುಬ್ಬು ಎತ್ತಿ ‘ಚ್’ ಅಂದ್ರೆ ಇಲ್ಲ. ಎಳೆ ಮಗೂಗೂ ಗೊತ್ತು.”

ಬೋಗ್ದಾನ್ ಮೇಜು ಗುದ್ದಿ ನಕ್ಕ. “ಅಯ್ಯೋ ದೇವ್ರೇ, ಸೈಕಲ್ಲು! ಆ ಮುದುಕ ಇಟ್ಕೋ ಅಂದಿದ್ದ! ಚಳಿಗಾಲ ಪೂರ್ತಿ ಇಟ್ಕೋ ಅಂದಿದ್ದ!”

ನಮಗೆಲ್ಲ ನಗು ಬಂತು. ಅರ್ಗಿರೋ ನಗಲಿಲ್ಲ. ಕೆಟಲನ್ನು ಮೇಜಿನ ಮೇಲಿಟ್ಟು, ಅದರ ಹಿಡಿಯನ್ನು ಮಾತ್ರ ಬಿಡದೆ ನಿಂತಿದ್ದಳು.

“ಐಲಿ,” ಎಂದಳು. “ಆ ಡಾಕ್ಟರು ಯಾವ ಊರಿನೋರು?”

“ಇಲ್ಲೇ ಹತ್ತಿರದ ಹಳ್ಳಿಯವ್ರು. ಯಾಕೆ?”

ಕೇಳುತ್ತಿದ್ದ ಹಾಗೆಯೇ ನನಗೆ ತಿಳಿಯಿತು. ನಗು ಒಬ್ಬೊಬ್ಬರ ಮುಖದಿಂದ ಇಳಿಯಿತು.

“ಬಾಯಲ್ಲಿ ಏನೂ ಹೇಳ್ಲಿಲ್ಲ ಅವ್ರು. ಉಳೀತೀನಾ ಅಂತ ಕೇಳ್ದೆ. ಹುಬ್ಬು ಎತ್ತಿದ್ರು...” ಅವಳು ಆ ಶಬ್ದ ಮಾಡಲು ಹೋದಳು. ತುಟಿ ಚೂಪಾಯಿತು, ಶಬ್ದ ಬರಲಿಲ್ಲ.

ಮೊದಲು ಮಾತಾಡಿದವಳು ವೆಲ್ತಾ. ಖಾಲಿ ಕಪ್ಪನ್ನು ತಾನೇ ಎಳೆದುಕೊಂಡು ಕಾಫಿ ಬಗ್ಗಿಸಿಕೊಂಡಳು.

“ಒಳ್ಳೇದಾಯ್ತು ಬಿಡು. ನಮ್ಮಿಬ್ಬರಲ್ಲಿ ಒಬ್ಬಳಿಗಾದ್ರೂ ತಪ್ಪಾಗಿ ಕೇಳಿಸಿತ್ತಲ್ಲ.”

ಮೂದಲಿಸಬೇಕೆಂದು ಹೇಳಿದ್ದಲ್ಲ ಅದು. ಬಾಯಿ ತಪ್ಪಿ ಬಂದದ್ದು, ಸಂತೋಷಕ್ಕೇ ಬಂದದ್ದು. ಹೇಳಿದ ಮೇಲೆ ಅವಳೇ ತುಟಿ ಕಚ್ಚಿಕೊಂಡಳು.

“ಇಬ್ಬರಲ್ಲಿ?” ಎಂದ ಬೋಗ್ದಾನ್.

ಅರ್ಗಿರೋ ಅವಳ ಕಡೆ ತಿರುಗಿದಳು. ವೆಲ್ತಾಳ ಹಳದಿಗಟ್ಟಿದ ಕಣ್ಣು, ಬೋಳು ತಲೆ, ಕಪ್ಪು ಹಿಡಿದ ಕೈಯ ಎಲುಬು, ಇವನ್ನೆಲ್ಲ ಅವತ್ತೇ ಮೊದಲ ಸಲ ಕಂಡವಳ ಹಾಗೆ ನೋಡಿದಳು. ಆಮೇಲೆ ಮುಖಕ್ಕೆ ರಕ್ತ ನುಗ್ಗಿತು, ಕಿವಿಯ ತುದಿಯವರೆಗೆ. ಕೋಟು ಕುರ್ಚಿಯ ಮೇಲೇ ಬಿಟ್ಟು ಹೊರಟುಹೋದಳು.

ಕೋಟು ಹಿಡಿದುಕೊಂಡು ಅವಳ ಹಿಂದೆ ಹೋದವಳು ನಾನು. ಮಾರನೆಯ ದಿನ ಅವಳ ಜೊತೆ ಆಸ್ಪತ್ರೆಗೂ ಹೋದೆ. ಈ ಸಲ ದುಭಾಷಿ ಬೇಕೆಂದು ಅವಳೇ ಕೇಳಿದಳು. ಫೋನಿನಲ್ಲಿ ಒಬ್ಬ ಗ್ರೀಕ್ ಹೆಂಗಸು ಸಿಕ್ಕಳು. ಡಾಕ್ಟರು ನಮ್ಮಿಬ್ಬರನ್ನೂ ಅಚ್ಚರಿಯಿಂದ ನೋಡಿದರು.

“ಆವತ್ತೇ ಹೇಳಿದ್ನಲ್ಲಮ್ಮ, ಹೌದು ಅಂತ. ಗಂಟು ಪೂರ್ತಿ ತೆಗೆದಿದೀವಿ, ಎಲ್ಲೂ ಹಬ್ಬಿಲ್ಲ. ಕರೆಂಟು ಕೊಡ್ತಿರೋದು ಮತ್ತೆ ಬರದೇ ಇರ್ಲಿ ಅಂತ.”

“ಬಾಯಲ್ಲಿ ಹೇಳಿ,” ಎಂದಳು ಅರ್ಗಿರೋ. “ದಯವಿಟ್ಟು, ಒಂದ್ಸಲ ಬಾಯಲ್ಲಿ ಹೇಳಿ.”

“ಹೌದು,” ಎಂದರು ಡಾಕ್ಟರು. ಫೋನಿನೊಳಗಿನ ಹೆಂಗಸು ಅದನ್ನೇ ಗ್ರೀಕಿನಲ್ಲಿ ಹೇಳಿದಳು. ಗ್ರೀಕಿನಲ್ಲಿ ಹೌದು ಎನ್ನುವುದಕ್ಕೆ ‘ನೇ’ ಎನ್ನುತ್ತಾರೆ. ನನ್ನ ಕಿವಿಗೆ ಅದು ಸ್ವೀಡಿಷಿನ ಇಲ್ಲ ಎನ್ನುವ ಹಾಗೆಯೇ ಕೇಳಿಸಿತು. ಜನ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳುವುದೇ ದೊಡ್ಡ ಮಾತು ಎನಿಸಿತು.

ಬೇರೆ ಯಾರಾದರೂ ಆಗಿದ್ದರೆ ಕುಣಿಯುತ್ತಿದ್ದರು. ಅರ್ಗಿರೋ ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕುಳಿತು ಚೀಲವನ್ನು ಎದೆಗವಚಿಕೊಂಡಳು.

“ಈ ಸುದ್ದೀನ ನಾನು ಎಲ್ಲಿಗೆ ಒಯ್ಯಲಿ ಐಲಿ?”

“ಪಂತೆಲಿಸ್‌ಗೆ ಹೇಳು.”

“ಅವನಿಗೆ ಏನಂತ ಹೇಳ್ಲಿ? ಸಾಯ್ತೀನಿ ಅಂತ ಹೇಳಿದ್ರೆ ತಾನೇ ಉಳೀತೀನಿ ಅಂತ ಹೇಳೋದು?” ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು. “ಅವಳ ಸೂಪು ಕುಡಿದೆ. ಅವಳ ಮುಂದೇನೇ ಕೂತ್ಕೊಂಡು, ನಿಂಗೇನು ಗೊತ್ತು ಅಂದೆ. ನಿಂಗೆ ಗೊತ್ತಿತ್ತಾ, ಅವಳದ್ದು?”

“ಗೊತ್ತಿತ್ತು.”

“ಗೊತ್ತಿದ್ದೂ ನೀನು ನನ್ನ ಬಾಯಿ ಮುಚ್ಚಿಸ್ಲಿಲ್ಲ.”

ಇಬ್ಬರೂ ಬಸ್ಸು ಬರುವವರೆಗೆ ಬೇರೆ ಬೇರೆ ಕಡೆ ನೋಡುತ್ತ ಕುಳಿತಿದ್ದೆವು.

ಆಮೇಲೆ ಅರ್ಗಿರೋ ಗುಂಪಿಗೆ ಬರಲಿಲ್ಲ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಮೇ ಕಳೆಯುವ ಹೊತ್ತಿಗೆ ವೆಲ್ತಾಳಿಗೂ ಬಸ್ಸು ಹತ್ತುವ ತ್ರಾಣ ಹೋಯಿತು. ನಾನೇ ಅವಳ ಮನೆಗೆ ಹೋಗಿ ಬರುತ್ತಿದ್ದೆ. ಒಂದು ದಿನ ಸೋಫಾದಲ್ಲಿ ದಿಂಬಿಗೊರಗಿಕೊಂಡು ಹೇಳಿದಳು:

“ಲೀಗೋ ಬಂತು.” ಲೀಗೋ ಲಾಟ್ವಿಯಾದವರ ನಡುಬೇಸಿಗೆಯ ಹಬ್ಬ. ಊರಿನಲ್ಲಿರುವ ನಾಲ್ಕಾರು ಮನೆಯವರು ನದಿಯ ದಂಡೆಗೆ ಹೋಗಿ ಬೆಂಕಿ ಹಾಕಿ ಹಾಡುತ್ತಾರೆ. “ನಮ್ಮಮ್ಮನ ಲಂಗ ಉಟ್ಕೊಂಡು ಹೋಗ್ಬೇಕು. ಉಟ್ರೆ ಜಾರಿ ಕಾಲಿಗೆ ಬೀಳುತ್ತೆ. ಹೊಲಿಯೋಳು ಬೇಕು.”

“ಪೇಟೆಯಲ್ಲಿ ವಿಚಾರಿಸ್ತೀನಿ.”

“ಪೇಟೆ ಯಾಕೆ? ನಮ್ಮವಳೇ ಒಬ್ಬಳಿದಾಳಲ್ಲ. ಮತ್ತೆ ನನ್ನ ನೀಲಿ ಪಾತ್ರೆ ಅವಳ ಹತ್ರ ಇದೆ. ತರೋಕೆ ಹೇಳು.”

ನಾನು ಅರ್ಗಿರೋಳ ಮನೆಗೆ ಹೋದೆ. ಸೈಕಲ್ಲು ಶೆಡ್ಡಿನೊಳಗಿತ್ತು. ಪಾತ್ರೆ ಅಡುಗೆಮನೆಯ ಕಿಟಕಿಯಲ್ಲಿ, ಉಜ್ಜಿ ಉಜ್ಜಿ ಫಳಗುಟ್ಟುತ್ತಿತ್ತು.

“ನೀನೇ ಕೊಟ್ಟುಬಿಡು ಐಲಿ.”

“ಸೂಪು ಕುಡಿದಿದ್ದು ನಾನಲ್ಲ.”

“ನನ್ನ ನೋಡಿದ್ರೆ ಅವಳಿಗೆ ಏನನ್ನಿಸುತ್ತೆ? ಬದುಕೋಳು ಬಂದ್ಲು ಅಂತ ತಾನೇ? ಮುಖ ಹೇಗೆ ತೋರಿಸ್ಲಿ?”

“ಮುಖ ಯಾರು ಕೇಳಿದ್ರು? ಸೂಜಿ ದಾರ ಕೇಳಿದಾಳೆ.”

ಅವಳು ಪಾತ್ರೆಯನ್ನು ಕೈಗೆ ತೆಗೆದುಕೊಂಡು ಒಳಗೆ ಇಣುಕಿದಳು. ಖಾಲಿ ಪಾತ್ರೆ ಹಿಂದಿರುಗಿಸಬಾರದು ಎಂಬುದು ಅವರಲ್ಲೂ ಇದೆಯಂತೆ. ಕೋಳಿ ಬೇಯಿಸಿ, ಮೊಟ್ಟೆ ನಿಂಬೆರಸ ಕದಡಿ, ತನ್ನ ಊರಿನ ಸೂಪು ಮಾಡಿದಳು. ಪಾತ್ರೆಗೆ ಟವೆಲು ಸುತ್ತಿ, ತೊಡೆಯ ಮೇಲಿಟ್ಟುಕೊಂಡು ನನ್ನ ಜೊತೆ ಬಸ್ಸಿನಲ್ಲಿ ಕುಳಿತಳು. ದಾರಿಯುದ್ದಕ್ಕೂ ಏನೋ ಪಾಠ ಒಪ್ಪಿಸುವವಳ ಹಾಗೆ ತುಟಿ ಅಲ್ಲಾಡುತ್ತಿತ್ತು.

ಬಾಗಿಲು ದಾಟಿದ ಕೂಡಲೇ ಶುರು ಮಾಡಿದಳು. “ವೆಲ್ತಾ, ಆವತ್ತು ನಾನು ಅಂದದ್ದು...”

“ಅಂದೆ. ಕೇಳಿಸ್ತು,” ಎಂದಳು ವೆಲ್ತಾ. “ಅದನ್ನ ಮತ್ತೊಂದು ಸಲ ಯಾಕೆ ಕೇಳಿಸ್ಬೇಕು? ಏನದು, ನಿಂಬೆ ವಾಸನೆ?”

ನಾಲ್ಕು ಚಮಚೆ ಕುಡಿದಳು. ಐದನೆಯದಕ್ಕೆ ತಲೆ ತಿರುಗಿಸಿದಳು. ನಂತರ ನಾನು ಅವಳನ್ನು ಹಿಡಿದು ನಿಲ್ಲಿಸಿದೆ. ಒಂದು ಕೈಯನ್ನು ಪಿಯಾನೋದ ಮೇಲೂರಿ ನಿಂತಳು. ಕೆಂಪು ಪಟ್ಟೆಯ ದಪ್ಪ ಉಣ್ಣೆಯ ಲಂಗ, ಇಬ್ಬರು ವೆಲ್ತಾಗಳನ್ನು ಒಳಗೆ ಹಾಕಿಕೊಳ್ಳುವಷ್ಟು ಅಗಲ. ಅರ್ಗಿರೋ ಮಂಡಿಯೂರಿ ಕುಳಿತು, ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು, ಸೊಂಟದ ಪಟ್ಟಿಯನ್ನು ಹಿಡಿದು ನೋಡಿದಳು.

“ಎಷ್ಟು ಒಳಗೆ ತಗೊಳ್ಳಲಿ?”

“ಜಾರದಷ್ಟು. ಬಟ್ಟೆಗೆ ಕತ್ತರಿ ಹಾಕ್ಬೇಡ. ಒಳಗೇ ಮಡಚಿ ಹೊಲಿ, ಬಿಚ್ಚೋಕೆ ಬರೋ ಹಾಗೆ. ನನ್ನ ತಮ್ಮನ ಮಗಳು ದಪ್ಪಗಿದಾಳೆ. ಮುಂದಿನ ವರ್ಷ ಅವಳು ಉಡ್ತಾಳೆ.”

ಅರ್ಗಿರೋ ತಲೆಯೆತ್ತಲಿಲ್ಲ. ಒಂದು ಮಡಿಕೆ, ಒಂದು ಸೂಜಿ. ಇನ್ನೊಂದು ಮಡಿಕೆ. ಕಿಟಕಿಯಿಂದ ಬಿಸಿಲು ಬರುತ್ತಿತ್ತು, ಹೊರಗೆ ಯಾರೋ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದರು. ತುಟಿಯಲ್ಲಿದ್ದ ಸೂಜಿಗಳು ಮುಗಿದ ಮೇಲೆ, ನೆಲ ನೋಡುತ್ತಲೇ ಕೇಳಿದಳು:

“ನಿಂಗೆ ನನ್ಮೇಲೆ ಇನ್ನೂ ಸಿಟ್ಟಿದೆಯಾ?”

ಕೇಳಿ ಮುಖವೆತ್ತಿದಳು.

ವೆಲ್ತಾ ಹುಬ್ಬನ್ನು ಮೇಲಕ್ಕೆತ್ತಿ ‘ಶುಪ್’ ಎಂದಳು.

ಅರ್ಗಿರೋಳ ಊರಿನಲ್ಲಾಗಿದ್ದರೆ ಅದು ಇಲ್ಲ ಎಂದು. ಹಾಗೆಂದೇ ಇಟ್ಟುಕೊಳ್ಳಬಹುದಿತ್ತು. ಆ ಆಸೆ ಅವಳ ಮುಖದ ಮೇಲೆ ಬಂದು ಹೋದದ್ದು ನನಗೆ ಕಾಣಿಸಿತು. ವೆಲ್ತಾಳಿಗೂ ಕಾಣಿಸಿರಬೇಕು.

“ಇದು ಈ ಊರಿಂದು,” ಎಂದಳು. “ನಿನ್ನ ಊರಿಂದಲ್ಲ.”

ಅರ್ಗಿರೋ ಆಯಿತು ಎನ್ನುವ ಹಾಗೆ ತಲೆಯಾಡಿಸಿದಳು. ಡಬ್ಬಿಯಿಂದ ಮತ್ತೊಂದಿಷ್ಟು ಸೂಜಿ ತೆಗೆದುಕೊಂಡು, ಎದ್ದು ಹೋಗದೆ ಮಂಡಿಯ ಮೇಲೇ ಸ್ವಲ್ಪ ಸರಿದು ಕುಳಿತಳು.

“ತಿರುಗು. ಆ ಕಡೆ ಇನ್ನೂ ಸಡಿಲ ಇದೆ.”

ವೆಲ್ತಾ ಪಿಯಾನೋ ಹಿಡಿದುಕೊಂಡು ನಿಧಾನವಾಗಿ ತಿರುಗಿದಳು.